ಹಿಗ್ಗಿ ಮರಳುವ ಬಟ್ಟೆ

ಕಳೆದ ಶ್ರಾವಣದ ಒಂದು ಶನಿವಾರ ನಮ್ಮ ಸೀಮೆಯದೇ ಒಂದು ಬೆಟ್ಟದ ದೇವಸ್ಥಾನಕ್ಕೆ ಹೋಗಿದ್ದೆ. ಮೊಣಕಾಲು ದಾಟುವ ಕುರ್ತಾ, ಹೆಗಲ ಮೇಲೊಂದು ವೇಲು, ಕೆಳಗೆ ನಾನೇ ಹೊಲಿದುಕೊಂಡ ಕಪ್ಪು ಪ್ಯಾಂಟು. ಮೆಟ್ಟಿಲು ಹತ್ತಿ ಬಾಗಿಲ ಹತ್ತಿರ ಬಂದಾಗ ಸರದಿ ನೋಡಿಕೊಳ್ಳುತ್ತಿದ್ದ ಹುಡುಗ, ನನ್ನ ಮಗನ ವಯಸ್ಸಿನವನು, ಮುಖ ನೋಡಲು ನಾಚಿಕೊಂಡು ನೆಲಕ್ಕೇ ಹೇಳಿದ: "ಅಮ್ಮಾ, ಈ ಪ್ಯಾಂಟಲ್ಲಿ ಒಳಕ್ಕೆ ಬಿಡಂಗಿಲ್ಲ. ಅಲ್ಲಿ ಪಂಚೆ ಐತೆ, ಸುತ್ಕೊಂಡು ಬನ್ನಿ."

ಗೋಡೆಯ ಪಕ್ಕ ಒಂದು ರಟ್ಟಿನ ಡಬ್ಬ. ಅದರಲ್ಲಿ ಬಿಳಿ ಅನ್ನಬಹುದಾದ ಬಣ್ಣದ ಹತ್ತು ಹದಿನೈದು ಪಂಚೆಗಳು. ಬೆಳಗಿನಿಂದ ಎಷ್ಟು ಸೊಂಟ ಸುತ್ತಿ ಬಂದಿದ್ದವೋ, ನನ್ನ ಕೈಗೆ ಸಿಕ್ಕಿದ್ದು ಯಾರದೋ ಬೆವರಿಗೆ ಇನ್ನೂ ಹಸಿಯಾಗಿತ್ತು. ಅಂಚಿನಲ್ಲಿ ಕುಂಕುಮದ ಕೈ ಒರೆಸಿದ ಗುರುತು. ಸುತ್ತಿಕೊಂಡೆ. ಮಂಗಳಾರತಿಗೆ ಕೈ ಒಡ್ಡಿದೆ, ತೀರ್ಥ ತೆಗೆದುಕೊಂಡೆ, ಹೊರಗೆ ಬಂದು ಬಿಚ್ಚಿ ಡಬ್ಬಕ್ಕೆ ಹಾಕಿದೆ. ನನ್ನ ಹಿಂದಿದ್ದ ಹುಡುಗಿ ಅದನ್ನೇ ಎತ್ತಿಕೊಂಡಳು.

ಮೆಟ್ಟಿಲಿಳಿಯುವಾಗ ಲೆಕ್ಕ ಹಾಕಿದೆ. ನನ್ನ ಪ್ಯಾಂಟು ಹಿಂದಿನ ರಾತ್ರಿ ಒಗೆದು, ಬೆಳಗಿನ ಗಾಳಿಗೆ ಒಣಗಿ, ಸ್ನಾನವಾದ ಮೇಲೆ ಮೈಗೆ ಬಂದದ್ದು. ಪಂಚೆ ನೀರು ಕಂಡು ಎಷ್ಟು ವಾರವಾಗಿತ್ತೋ ದೇವರೇ ಬಲ್ಲ, ಅವನ ಮುಂದೆಯೇ ತಾನೇ ಅದು ಓಡಾಡುತ್ತಿದ್ದದ್ದು. ಎರಡರಲ್ಲಿ ಮಡಿ ಯಾವುದು? ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೋ ಹೇಳಿದ್ದರು, ಅವರಿಗೆ ಮತ್ಯಾರೋ. ಪ್ರಶ್ನೆ ಮಾತ್ರ ನನ್ನ ಜತೆ ಬಸ್ಸು ಹತ್ತಿ ಮನೆಗೆ ಬಂತು, ಇನ್ನೂ ಹೋಗಿಲ್ಲ.

ನಾನು ದರ್ಜಿ. ಹುಟ್ಟಿದ್ದು ಕನಕಪುರ ತಾಲ್ಲೂಕಿನ ಹುಳದ ಮನೆಯಲ್ಲಿ, ಅಂದರೆ ರೇಷ್ಮೆ ಸಾಕುವವರ ಮನೆಯಲ್ಲಿ. ಕೊಟ್ಟಿದ್ದು ಚನ್ನಪಟ್ಟಣಕ್ಕೆ. ತಂಗಿಯ ಮನೆ ಮಾಗಡಿ. ನನ್ನ ಅಂಗಡಿ ರಾಮನಗರದಲ್ಲಿ, ಒಂದು ಓವರ್‌ಲಾಕ್ ಮಿಷನ್ನು, ಒಂದು ಮಾಮೂಲಿ ಮಿಷನ್ನು, ಒಂದು ಸ್ಟೂಲು. ಈ ನಾಲ್ಕು ಊರು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ರಾಮನಗರಕ್ಕೇ ಹಿಂದೆ ಕ್ಲೋಸ್‌ಪೇಟೆ ಅಂತಿದ್ದರು. ಮೈ ಅದೇ, ಉಡುಪು ಬೇರೆ. ಊರುಗಳು ಬಟ್ಟೆ ಬದಲಿಸಿದರೆ ಯಾರೂ ಬಾಗಿಲಲ್ಲಿ ತಡೆಯುವುದಿಲ್ಲ.

ನನ್ನ ಅಂಗಡಿಯಲ್ಲಿ ಹೆಚ್ಚು ಹೋಗುವುದು ಅದೇ ಪ್ಯಾಂಟು. ನೂರಕ್ಕೆ ತೊಂಬತ್ತೈದು ಭಾಗ ಹತ್ತಿ, ಐದು ಭಾಗ ಲೈಕ್ರಾ ಇರುವ ಹೆಣೆದ ಬಟ್ಟೆ. ಸೊಂಟಕ್ಕೆ ನಾಲ್ಕು ಬೆರಳು ಅಗಲದ ಪಟ್ಟಿ, ಲಾಡಿ ಇಲ್ಲ. ಕಾಲಿಗೆ ಅಂಟಿಕೊಳ್ಳದಷ್ಟು ಸಡಿಲ, ಮೆಟ್ಟಿಲಲ್ಲಿ ತೊಡರದಷ್ಟು ಬಿಗಿ. ಎರಡು ಕಾಲು ಕೂಡುವ ಜಾಗದಲ್ಲಿ ವಜ್ರದಾಕಾರದ ಒಂದು ತುಂಡು ಕೂರಿಸುತ್ತೇನೆ. ಆ ತುಂಡೊಂದಿದ್ದರೆ ಕುಕ್ಕರಗಾಲಲ್ಲಿ ಕೂತರೂ ಹೊಲಿಗೆ ಬಿಡುವುದಿಲ್ಲ. ಮೊಬೈಲು ಹಿಡಿಸುವ ಜೇಬು ಬಲಗಡೆಗೆ. ಒಯ್ಯುವವರು ಯಾರು ಅಂತೀರಿ? ರೈಲಲ್ಲಿ ಬೆಂಗಳೂರಿಗೆ ಹೋಗಿಬರುವ ನರ್ಸು, ಮನೆಮನೆ ತಿರುಗುವ ಆಶಾ ಕಾರ್ಯಕರ್ತೆ, ಬಿಡದಿಯ ಕಾರ್ಖಾನೆಗಳಿಗೆ ಶಿಫ್ಟಿಗೆ ಹೋಗುವ ಹುಡುಗಿಯರು, ಸಕ್ಕರೆ ಕಾಯಿಲೆ ಬಂದ ಮೇಲೆ ವಾಕಿಂಗ್ ಶುರುಮಾಡಿದ ಮೇಷ್ಟರ ಹೆಂಡತಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತಲ್ಲ, ಆಮೇಲಂತೂ ಧರ್ಮಸ್ಥಳ, ಮಲೆ ಮಹದೇಶ್ವರ ಬೆಟ್ಟ ಅಂತ ಹೊರಡುವ ಗುಂಪುಗಳೂ ಬಂದು ಅಳತೆ ಕೊಡುತ್ತವೆ. ರಾತ್ರಿಯಿಡೀ ಸೀಟಲ್ಲಿ ಮುದುಡಿ ಕೂರಬೇಕು, ಬೆಳಿಗ್ಗೆ ಬೆಟ್ಟ ಹತ್ತಬೇಕು.

ಇದಕ್ಕೆ "ಹಿಗ್ಗೋ ಪ್ಯಾಂಟು" ಅಂತ ಹೆಸರಿಟ್ಟವಳು ಒಬ್ಬ ತರಕಾರಿ ಮಾರುವ ಹೆಂಗಸು. ಬಟ್ಟೆಯನ್ನು ಎರಡು ಕೈಲಿ ಎಳೆದು ನೋಡಿ, "ಇದು ಹಿಗ್ತದೆ ಕಣವ್ವ" ಅಂದಳು. ಹೊಲಿಯುತ್ತಾ ಆ ಮಾತು ಬಾಯಲ್ಲೇ ಉಳಿಯಿತು. ಕನ್ನಡದಲ್ಲಿ ಹಿಗ್ಗು ಅಂದರೆ ಅಗಲವಾಗುವುದೂ ಹೌದು, ಸಂತೋಷಪಡುವುದೂ ಹೌದು. ಕುಗ್ಗು ಅಂದರೆ ಕಿರಿದಾಗುವುದೂ ಹೌದು, ದುಃಖಪಡುವುದೂ ಹೌದು. ಮೈಗೆ ಒಂದು ಮಾತು, ಮನಸ್ಸಿಗೆ ಒಂದು ಮಾತು ಅಂತ ನಮ್ಮ ಹಿರಿಯರು ಬೇರೆ ಮಾಡಲಿಲ್ಲ. ಆದರೆ ದೊಡ್ಡವರೆಲ್ಲ ನಮಗೆ ಹೇಳಿಕೊಟ್ಟದ್ದೇನು? ಹಿಗ್ಗದೆ ಕುಗ್ಗದೆ ಇರು. ಸುಖ ಬಂದರೆ ಹಿಗ್ಗಬೇಡ, ಕಷ್ಟ ಬಂದರೆ ಕುಗ್ಗಬೇಡ. ಸ್ಥಿತಪ್ರಜ್ಞನ ಲಕ್ಷಣ ಅದು. ಕೇಳಲು ಚೆನ್ನಾಗಿದೆ. ದರ್ಜಿಯಾಗಿ ನನಗೆ ಗೊತ್ತಿರುವುದು ಇಷ್ಟು: ಹಿಗ್ಗದೆ ಕುಗ್ಗದೆ ಇರುವ ಬಟ್ಟೆ ಮೈ ಕೊಯ್ಯುತ್ತದೆ.

ಮಡಿಯ ವಿಷಯಕ್ಕೆ ಬರುತ್ತೇನೆ. ಹೊಲಿದ ಬಟ್ಟೆ ಮಡಿಗೆ ಬರುವುದಿಲ್ಲ ಅನ್ನುವುದು ಹಳೆಯ ಕಟ್ಟಳೆ. ಸೀರೆ, ಪಂಚೆ, ಶಲ್ಯ, ಸೂಜಿ ತಾಗದ್ದೆಲ್ಲ ಪೂಜೆಗೆ ಯೋಗ್ಯ. ಹಾಗಾದರೆ ನನ್ನ ಕಸುಬೇ ಬಟ್ಟೆಯ ಮಡಿ ಕೆಡಿಸುವ ಕಸುಬು. ಮೊದಲ ಸಲ ಇದನ್ನು ಕೇಳಿದಾಗ ನಗು ಬಂತು, ಆಮೇಲೆ ಸ್ವಲ್ಪ ಅಳುವೂ ಬಂತು. ಬಸವಣ್ಣನ ಕಾಲದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಅಂತ ಒಬ್ಬನಿದ್ದ ಎಂದು ಓದಿದ ಮೇಲೆ ಸಮಾಧಾನವಾಯಿತು. ಹೆಸರಿನಲ್ಲೇ ಸೂಜಿ ಇಟ್ಟುಕೊಂಡವನು, ಅದನ್ನು ಕೆಳಗಿಟ್ಟು ಶರಣನಾದವನಲ್ಲ. ಅವರಲ್ಲೇ ಮಡಿವಾಳ ಮಾಚಿದೇವ, ದೇವರ ಹಿಪ್ಪರಗಿಯವನು, ಶರಣರ ಬಟ್ಟೆ ಒಗೆಯುವುದೇ ಅವನ ಕಾಯಕ. ಮಡಿವಾಳ ಅನ್ನುವ ಮಾತನ್ನೇ ಬಿಡಿಸಿ ನೋಡಿ. ಮಡಿ ಅಂದರೆ ಒಗೆದ ಬಟ್ಟೆ. ಅದನ್ನು ಮಾಡುವವನು ಮಡಿವಾಳ. ಮಡಿ ಮೊದಲು ಹುಟ್ಟಿದ್ದು ಒಗೆಯುವ ಕಲ್ಲಿನ ಮೇಲೆ, ನೀರಲ್ಲಿ ನಿಂತವನ ರಟ್ಟೆಯಲ್ಲಿ. ಗರ್ಭಗುಡಿಗೆ ಅದು ಹೋದದ್ದು ಆಮೇಲೆ. ಹೋಗುವಾಗ ಒಗೆದವನನ್ನು ಹೊರಗೇ ಬಿಟ್ಟು ಹೋಯಿತು. ಮಾಚಿದೇವನೂ ತನ್ನ ಮಡಿಯ ಗಂಟನ್ನು ಭಕ್ತರಲ್ಲದವರಿಗೆ ಮುಟ್ಟಗೊಡುತ್ತಿರಲಿಲ್ಲ ಎಂಬ ಕಥೆ ಪುರಾಣದಲ್ಲಿದೆ, ಅದನ್ನೂ ಮುಚ್ಚಿಡಬಾರದು. ಮಡಿ ಅಂದ ಕೂಡಲೇ ಯಾರನ್ನೋ ದೂರ ನಿಲ್ಲಿಸುವ ಆಸೆ ಹುಟ್ಟುತ್ತದೇನೋ, ಶರಣರಿಗೂ.

ಹೊಲಿಗೆ ತಾಗಿದ ಬಟ್ಟೆ ಮಡಿಯಲ್ಲ ಅಂದರೆ, ಎಲ್ಲಕ್ಕಿಂತ ಹೆಚ್ಚಿನ ಮಡಿ ಯಾವುದು? ರೇಷ್ಮೆ. ಪಟ್ಟೆ ಮಡಿ. ಹತ್ತಿಯಾದರೆ ದಿನಾ ಒಗೆಯಬೇಕು, ರೇಷ್ಮೆಗೆ ಅಷ್ಟು ಕಟ್ಟುನಿಟ್ಟಿಲ್ಲ. ಹುಳದ ಮನೆಯಲ್ಲಿ ಬೆಳೆದ ನನಗೆ ಈ ಮಾತು ಗಂಟಲಲ್ಲಿ ಇಳಿಯುವುದು ಕಷ್ಟ.

ಅವ್ವ ಹುಳ ಸಾಕುತ್ತಿದ್ದ ಕೋಣೆ ನಮ್ಮ ಮನೆಯ ದೇವರ ಕೋಣೆಗಿಂತ ಮಡಿಯಾಗಿತ್ತು. ಕಾಲು ತೊಳೆಯದೆ ಒಳಗೆ ಹೋಗುವಂತಿಲ್ಲ. ಒಗ್ಗರಣೆಯ ಹೊಗೆ ಆ ಕಡೆ ಸುಳಿಯುವಂತಿಲ್ಲ. ಹೊರಗಾದವರು ಹೊಸ್ತಿಲು ದಾಟುವಂತಿಲ್ಲ. ನನ್ನ ಹದಿಮೂರನೇ ವರ್ಷದಲ್ಲಿ ಆ ಹೊಸ್ತಿಲಾಚೆ ಮೂರು ದಿನ ನಿಂತೇ ಹುಳ ಸೊಪ್ಪು ತಿನ್ನುವ ಸದ್ದು ಕೇಳಿದ್ದೇನೆ. ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಇರುತ್ತದೆ ಅದು. ಮೊಟ್ಟೆಯೊಡೆದು ಗೂಡು ಕಟ್ಟುವುದಕ್ಕೆ ಇಪ್ಪತ್ತೈದು ದಿನ ಚಿಲ್ಲರೆ. ಅಷ್ಟರಲ್ಲಿ ಹುಳಕ್ಕೆ ನಾಲ್ಕು ಸಲ ಜ್ವರ ಬರುತ್ತದೆ. ನಮ್ಮ ಕಡೆ ಹಾಗೆಯೇ ಅನ್ನುವುದು, "ಎರಡನೇ ಜ್ವರಕ್ಕೆ ಕೂತವೆ, ಸೊಪ್ಪು ಹಾಕಬ್ಯಾಡಿ." ಕಾಯಿಲೆಯಲ್ಲ ಅದು. ಹುಳದ ಮೈ ಬೆಳೆಯುತ್ತದೆ, ಚರ್ಮ ಹಿಗ್ಗುವುದಿಲ್ಲ. ಒಂದು ಹಂತಕ್ಕೆ ಬಿಗಿಯಾಗಿ ಉಸಿರು ಕಟ್ಟಿದಂತಾಗಿ, ತಿನ್ನುವುದು ಬಿಟ್ಟು, ತಲೆ ಎತ್ತಿ ಒಂದು ದಿನ ಅಲ್ಲಾಡದೆ ಕೂರುತ್ತದೆ. ಧ್ಯಾನಕ್ಕೆ ಕೂತಂತೆ. ಆಮೇಲೆ ಹಳೆ ಚರ್ಮವನ್ನು ಹಿಂದಕ್ಕೆ ಬಿಟ್ಟು ಮುಂದಕ್ಕೆ ತೆವಳುತ್ತದೆ. ನಾಲ್ಕು ಜ್ವರ ಕಳೆದು ಹಣ್ಣಾದ ಹುಳವನ್ನು ಅವ್ವ ಒಂದೊಂದೇ ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆಯ ತಟ್ಟೆಗೆ ಬಿಡುತ್ತಿದ್ದಳು.

ಗೂಡು ತುಂಬಿಕೊಂಡು ಅಪ್ಪ ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದ, ಏಷ್ಯಾದಲ್ಲೇ ದೊಡ್ಡದು ಎಂದು ಹೆಸರಾದ ಮಾರುಕಟ್ಟೆ. ಹರಾಜಾದ ಗೂಡು ನೂಲು ಬಿಚ್ಚುವವರ ಮನೆಗೆ. ರಾಮನಗರದಲ್ಲಿ ಆ ಕೆಲಸದಲ್ಲಿ ಮುಸ್ಲಿಮ್ ಕುಟುಂಬಗಳೇ ಹೆಚ್ಚು. ಕುದಿಯುವ ನೀರಿಗೆ ಗೂಡು ಹಾಕುತ್ತಾರೆ, ಒಳಗಿನ ಹುಳ ಬೇಯುತ್ತದೆ, ಎಳೆ ಸಿಗುತ್ತದೆ. ಬಿಸಿನೀರಲ್ಲಿ ಕೈಯಾಡಿಸಿ ಆಡಿಸಿ ಅವರ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿರುತ್ತದೆ. ಒಂದು ಕೆಜಿ ನೂಲಿಗೆ ಆರೇಳು ಕೆಜಿ ಗೂಡು ಬೇಕು, ಒಂದು ಸೀರೆಗೆ ಸಾವಿರಾರು ಹುಳ. ನಮ್ಮ ಹೊಲದ ಸೊಪ್ಪು, ಅವ್ವನ ಕೈ, ಬಿಚ್ಚಿದವರ ಕೈ, ನೇದವರ ಕೈ, ಇಷ್ಟೆಲ್ಲ ಮುಟ್ಟಿಸಿಕೊಂಡು, ಇಷ್ಟೆಲ್ಲ ಜೀವ ತೆಗೆದುಕೊಂಡು ಬಂದ ಬಟ್ಟೆ ಮಡಿಗಳ ರಾಣಿ. ನಾನು ರೇಷ್ಮೆಯನ್ನು ಹಳಿಯುತ್ತಿಲ್ಲ. ಅದರ ಅನ್ನ ಉಂಡು ಬೆಳೆದವಳು, ನನ್ನ ಮದುವೆಯ ಸೀರೆ ಇಂದಿಗೂ ಟ್ರಂಕಿನಲ್ಲಿದೆ. ನನಗೆ ಅರ್ಥವಾದದ್ದು ಇಷ್ಟು: ಯಾರ ಕೈಯೂ ತಾಗದ್ದು ಮಡಿ, ಯಾವ ನೋವೂ ತಾಗದ್ದು ಮಡಿ ಅಂತ ಹೊರಟರೆ, ರೇಷ್ಮೆಯೇ ಮೊದಲು ಹೊರಗೆ ನಿಲ್ಲಬೇಕು. ಅದು ಒಳಗಿದೆ ಅಂದ ಮೇಲೆ ಮಡಿಗೆ ಬೇರೇನೋ ಅರ್ಥ ಇರಬೇಕು.

ಆ ಅರ್ಥದ ಒಂದು ತುದಿ ನನಗೆ ಸಿಕ್ಕಿದ್ದು ಗಾರ್ಮೆಂಟ್ಸಿನಲ್ಲಿ. 1999ರಿಂದ ಹದಿನೇಳು ವರ್ಷ ಬೆಂಗಳೂರು ದಾರಿಯ ಒಂದು ಕಾರ್ಖಾನೆಯಲ್ಲಿ ಟೈಲರಾಗಿದ್ದೆ. ಕೊನೆಯ ಎಂಟು ವರ್ಷ ನಮ್ಮ ಲೈನಿಗೆ ಬರುತ್ತಿದ್ದದ್ದೆಲ್ಲ ಇದೇ ಹಿಗ್ಗುವ ಪ್ಯಾಂಟುಗಳು, ಹೊರದೇಶದ ಹೆಂಗಸರು ಆಫೀಸಿಗೆ, ವಿಮಾನಕ್ಕೆ, ಯೋಗಕ್ಕೆ ಹಾಕಿಕೊಳ್ಳುವಂಥವು. ನಾವು ಹೊಲಿಯುತ್ತಿದ್ದೆವು, ಹಾಕಿಕೊಳ್ಳುತ್ತಿರಲಿಲ್ಲ. ಸೊಂಟಕ್ಕೆ ಲಾಡಿ ಬಿಗಿದ ಚೂಡಿದಾರದಲ್ಲಿ ಕೂತು ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ ಮುಟ್ಟಿಸುತ್ತಿದ್ದೆವು.

ಅಲ್ಲಿ ಮೂರು ಸಂಗತಿ ಕಲಿತೆ. ಒಂದು, ಸೂಜಿ. ಹೆಣೆದ ಬಟ್ಟೆಗೆ ಚೂಪು ಸೂಜಿ ಹಾಕಿದರೆ ಎಳೆ ಕಡಿದು ತೂತು ಬೀಳುತ್ತದೆ. ಅದಕ್ಕೆ ಬಾಲ್ ಪಾಯಿಂಟ್ ಸೂಜಿ ಬೇಕು, ತುದಿ ದುಂಡಗೆ. ಅದು ಎಳೆಯನ್ನು ಚುಚ್ಚುವುದಿಲ್ಲ, ಪಕ್ಕಕ್ಕೆ ಸರಿಸಿ ನಡುವೆ ದಾರಿ ಮಾಡಿಕೊಳ್ಳುತ್ತದೆ. ಸೂಜಿ ತಾಗಿದರೆ ಮಡಿ ಕೆಡುತ್ತದೆ ಅನ್ನುವವರಿಗೆ ಈ ಸೂಜಿ ತೋರಿಸಬೇಕು ಅಂತ ಎಷ್ಟೋ ಸಲ ಅನ್ನಿಸಿದೆ.

ಎರಡು, ವಿಶ್ರಾಂತಿ. ಲೈಕ್ರಾ ಬಟ್ಟೆ ರೋಲಿನಲ್ಲಿ ಬಿಗಿಯಾಗಿ ಸುತ್ತಿ ಬರುತ್ತದೆ. ಬಂದ ಕೂಡಲೇ ಕತ್ತರಿಸಿದರೆ ಆಮೇಲೆ ಕುಗ್ಗಿ ಅಳತೆ ತಪ್ಪುತ್ತದೆ. ಹಾಗಾಗಿ ರೋಲು ಬಿಚ್ಚಿ, ಹರವಿ, ಇಪ್ಪತ್ತನಾಲ್ಕು ಗಂಟೆ ಸುಮ್ಮನೆ ಬಿಡುತ್ತಾರೆ. ಬಟ್ಟೆಗೆ ರೆಸ್ಟ್ ಕೊಡೋದು ಅಂತಲೇ ಹೆಸರು. ಬಟ್ಟೆಗೆ ಒಂದು ಹಗಲು ಒಂದು ರಾತ್ರಿ, ನಮಗೆ ಊಟಕ್ಕೆ ಅರ್ಧ ಗಂಟೆ. ಏಳು ತಿಂಗಳ ಬಸುರಿಯೊಬ್ಬಳು ನನ್ನ ಪಕ್ಕದ ಮಿಷನ್ನಿನಲ್ಲಿ ಕೂತು ಆ ಹರವಿದ ಬಟ್ಟೆಯನ್ನೇ ನೋಡುತ್ತಾ, "ಮುಂದಿನ ಜನ್ಮಕ್ಕೆ ಬಟ್ಟೆ ಆಗಿ ಹುಟ್ತೀನಿ ಕಣಕ್ಕ" ಅಂದಳು. ಪುನರ್ಜನ್ಮದ ಬಗ್ಗೆ ನಾನು ಕೇಳಿದ ಅತ್ಯಂತ ನಿಜವಾದ ಮಾತು ಅದು.

ಮೂರು, ಪರೀಕ್ಷೆ. ಚೆಕ್ಕಿಂಗಿನಲ್ಲಿ ಬಟ್ಟೆಯನ್ನು ಎಳೆದು ನೋಡುತ್ತಾರೆ. ಹೊಸಬರು ಎಷ್ಟು ಹಿಗ್ಗಿತು ಅಂತ ನೋಡುತ್ತಾರೆ. ಅನುಭವಸ್ಥರು ಕೈ ಬಿಟ್ಟ ಮೇಲೆ ಏನಾಯಿತು ಅಂತ ನೋಡುತ್ತಾರೆ. ಯಾವ ಹಳೆ ಬನಿಯನ್ನೂ ಎಳೆದರೆ ಹಿಗ್ಗುತ್ತದೆ. ಮೊಣಕಾಲಿನ ಹತ್ತಿರ ಚೀಲ ಬಿದ್ದು ಹಾಗೇ ಉಳಿದರೆ ಆ ಬಟ್ಟೆ ರಿಜೆಕ್ಟ್. ಎಳೆದಾಗ ಬಂದು, ಬಿಟ್ಟಾಗ ತನ್ನ ಅಳತೆಗೆ ಮರಳುವುದೇ ಗುಣ.

ನಮ್ಮಲ್ಲಿ ಹೆಣ್ಣಿಗೆ ಹೇಳುವ ಬುದ್ಧಿಮಾತಿನಲ್ಲಿ ಈ ಅರ್ಧ ಬಿಟ್ಟುಹೋಗಿದೆ. ಅಡ್ಜಸ್ಟ್ ಮಾಡ್ಕೊ, ಹೊಂದ್ಕೊಂಡು ಹೋಗು, ಸ್ವಲ್ಪ ಸಹಿಸ್ಕೊ. ಎಲ್ಲ ಎಳೆಯುವ ಮಾತೇ. ಬಿಟ್ಟ ಮೇಲೆ ನಿನ್ನ ಅಳತೆಗೆ ಮರಳು ಅಂತ ಯಾರೂ ಹೇಳುವುದಿಲ್ಲ, ಯಾಕೆಂದರೆ ಬಿಡುವವರೇ ಇಲ್ಲ. ಬಟ್ಟೆ ಹಿಗ್ಗಬಾರದು, ಹೆಣ್ಣು ಹಿಗ್ಗಬೇಕು. ಬಟ್ಟೆಯೇ ಆ ಕೆಲಸ ಮಾಡಿದರೆ ಹೆಣ್ಣಿಗೆ ಸ್ವಲ್ಪ ರೆಸ್ಟ್ ಸಿಕ್ಕೀತು.

ಲೈಕ್ರಾ ಹುಟ್ಟಿದ ಕಥೆಯಲ್ಲೂ ಒಂದು ತಮಾಷೆಯಿದೆ. 1958ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ, ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಕಂಡುಹಿಡಿದ. ಅವರು ಹುಡುಕುತ್ತಿದ್ದದ್ದು ಹೆಂಗಸರ ಸೊಂಟ ಬಿಗಿಯುವ ಒಳಉಡುಪಿನ ರಬ್ಬರಿಗೆ ಬದಲಿಯನ್ನು. ಬಿಗಿಯಲು ಹುಟ್ಟಿದ ಎಳೆ ಕೊನೆಗೆ ಬಿಡಿಸುವ ಎಳೆಯಾಯಿತು. ಅದರ ಒಳಗೆ ಎರಡು ಬಗೆಯ ತುಣುಕುಗಳು ಒಂದಾದ ಮೇಲೊಂದು ಸೇರಿರುತ್ತವಂತೆ. ಒಂದು ಮೆದು, ಸುರುಳಿ ಸುತ್ತಿಕೊಂಡಿದ್ದು ಎಳೆದರೆ ಬಿಚ್ಚಿಕೊಳ್ಳುತ್ತದೆ. ಇನ್ನೊಂದು ಗಟ್ಟಿ, ಎಷ್ಟು ಎಳೆದರೂ ಕೈಕೈ ಹಿಡಿದು ನಿಲ್ಲುತ್ತದೆ. ಬರೀ ಮೆದುವಾದರೆ ಅಂಟಿನಂತೆ ಉದ್ದವಾಗಿ ಕಡಿಯುತ್ತದೆ, ಬರೀ ಗಟ್ಟಿಯಾದರೆ ಅಲ್ಲಾಡುವುದೇ ಇಲ್ಲ. ಧರ್ಮ ಅಂದರೆ ಹಿಡಿದು ನಿಲ್ಲಿಸುವುದು ಅಂತ ಅರ್ಥ ಹೇಳುತ್ತಾರೆ. ಹಿಡಿಯುವುದಷ್ಟೇ ಧರ್ಮವಾದರೆ ಅದು ಬಿಗಿದ ಲಾಡಿ. ಬಿಡುವುದನ್ನೂ ಅದು ಕಲಿತಿರಬೇಕು.

ಕೆಲಸ ಬಿಟ್ಟ ಮೇಲೆ ಕೆಜಿ ಲೆಕ್ಕದಲ್ಲಿ ಮಾರುವ ಉಳಿಕೆ ಬಟ್ಟೆ ತಂದು ನನಗಾಗಿ ಮೊದಲ ಪ್ಯಾಂಟು ಹೊಲಿದೆ. ನಲವತ್ತೇಳನೇ ವಯಸ್ಸು. ಬಾಗಿಲು ಹಾಕಿಕೊಂಡು ತೊಟ್ಟು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೆ. ಯಾವುದನ್ನೂ ಎಳೆದು ಸರಿಮಾಡಬೇಕಾಗಲಿಲ್ಲ. ನನಗೊಂದು ಹೊಟ್ಟೆಯಿದೆ, ಅದು ಉಸಿರಿನ ಜತೆ ಮುಂದೆ ಬಂದು ಹಿಂದೆ ಹೋಗುತ್ತದೆ ಎಂದು ಆವತ್ತು ಗೊತ್ತಾಯಿತು. ಪ್ರಾಣಾಯಾಮ ಕಲಿಸುವವರು ಹೊಟ್ಟೆಯಿಂದ ಉಸಿರಾಡಿ ಅನ್ನುತ್ತಾರಲ್ಲ, ಲಾಡಿ ಬಿಚ್ಚಿ ಅಂತ ಯಾಕೆ ಮೊದಲು ಹೇಳುವುದಿಲ್ಲವೋ.

ಅತ್ತೆಗೆ ಇದು ಹಿಡಿಸಲಿಲ್ಲ. ಅವರಿಗೆ ಎಪ್ಪತ್ತನಾಲ್ಕು. ಮಾತು ಕಡಿಮೆ, ಆಡಿದರೆ ತೂಕ. "ಸೀರೆಗಿಂತ ಹಿಗ್ಗೋದು ಯಾವುದವ್ವ ಐತೆ? ಬಸುರಿಗೂ ಅದೇ, ಬಾಣಂತಿಗೂ ಅದೇ. ದಪ್ಪಗಾದ್ರೆ ಒಂದು ನೆರಿಗೆ ಕಮ್ಮಿ, ಸಣ್ಣಗಾದ್ರೆ ಒಂದು ಜಾಸ್ತಿ." ನಾನು ತಲೆದೂಗಿದೆ. ನಿಜವೇ. ಸಾವನದುರ್ಗಕ್ಕೆ ತಂಗಿಯ ಮಕ್ಕಳ ಜತೆ ಹೋದಾಗ ನಾವೆಲ್ಲ ನನ್ನ ಪ್ಯಾಂಟು ಹಾಕಿಕೊಂಡು ಆ ಒಂಟಿಬಂಡೆಯ ಮೇಲೆ ನಾಲ್ಕು ಕಾಲಲ್ಲಿ ತೆವಳುತ್ತಿದ್ದೆವು. ಸೌತೆಕಾಯಿ ಬುಟ್ಟಿ ಹೊತ್ತ ಒಬ್ಬ ಅಜ್ಜಿ, ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು, ಬರಿಗಾಲಲ್ಲಿ ನಮ್ಮನ್ನು ದಾಟಿ ಹೋದಳು. ಬಟ್ಟೆ ಬೆಟ್ಟ ಹತ್ತಿಸುವುದಿಲ್ಲ, ಅಭ್ಯಾಸ ಹತ್ತಿಸುತ್ತದೆ. ಆದರೆ ಅತ್ತೆಗೆ ಒಂದು ಮಾತು ಕೇಳಿದೆ: ಸೊಪ್ಪು ಕೊಯ್ಯುವ ಹೆಂಗಸರು ಸೀರೆ ಮೇಲೆ ಗಂಡನ ತುಂಬುತೋಳಿನ ಶರಟು ಹಾಕಿಕೊಳ್ಳುತ್ತಾರಲ್ಲ, ಅದನ್ನು ಯಾರೂ ಮರ್ಯಾದೆಗೇಡು ಅನ್ನಲಿಲ್ಲವಲ್ಲ? ಬೆಂಗಳೂರು ಕರಗ ಹೊರುವ ಅರ್ಚಕ ಬಳೆ ತೊಟ್ಟು, ತಾಳಿ ಕಟ್ಟಿಕೊಂಡು, ಹೆಣ್ಣಾಗಿ ಬರುತ್ತಾನಲ್ಲ, ಜನ ಅಡ್ಡ ಬೀಳುತ್ತಾರಲ್ಲ? "ಅದು ಗೇಯ್ಮೆ, ಇದು ದೇವರು," ಅಂದರು. ಗೇಯ್ಮೆಗೆ, ದೇವರಿಗೆ ಕಟ್ಟಳೆ ಸಡಿಲ. ಹಾಗಾದರೆ ಕಾಯಕವೇ ಕೈಲಾಸ ಅಂದವರ ನಾಡಿನಲ್ಲಿ, ಕೆಲಸಕ್ಕೆ ಹೋಗುವ ಹುಡುಗಿಯ ಪ್ಯಾಂಟು ಯಾವ ಲೆಕ್ಕಕ್ಕೆ ಬರುತ್ತದೆ?

ಅತ್ತೆಯ ಇನ್ನೊಂದು ಮಾತಿಗೆ ಮಾತ್ರ ನನ್ನಲ್ಲಿ ಸುಲಭದ ಉತ್ತರವಿಲ್ಲ. "ಬಟ್ಟೆ ಎಳದ್ರೆ ಎಳೀಲಿ, ಕಣ್ಣು ಎಳೀಬಾರ್ದು." ಉಡುವುದು ನಮಗೊಬ್ಬರಿಗೇ ಅಲ್ಲ, ಎದುರಿನವರ ನೆಮ್ಮದಿಗೂ ಅನ್ನುವುದು ಅವರ ನಂಬಿಕೆ. ಹೆಂಗಸರ ಬಟ್ಟೆಯ ಮಾತು ಬಂದಾಗ ಅಕ್ಕಮಹಾದೇವಿಯನ್ನು ಕರೆತರುವುದು ನಮ್ಮಲ್ಲಿ ರೂಢಿ. ಉಟ್ಟ ಬಟ್ಟೆಯನ್ನೂ ಬಿಟ್ಟು ಕೂದಲನ್ನೇ ಮರೆಮಾಡಿಕೊಂಡು ಬಂದ ಅಕ್ಕನನ್ನು ಅಲ್ಲಮ ಕೇಳಿದ್ದೇ ಆ ಕೂದಲ ಮರೆಯ ಬಗ್ಗೆ, ನೋಡುವವರಿಗೆ ನೋವಾಗದಿರಲಿ ಅನ್ನುವ ಅರ್ಥದಲ್ಲಿ ಅಕ್ಕ ಉತ್ತರ ಕೊಟ್ಟಳು ಎಂದು ಶೂನ್ಯಸಂಪಾದನೆಯ ಕಥೆ. ಅಕ್ಕ ಬೆಳಗಿನ ರೈಲು ಹಿಡಿಯಬೇಕಾಗಿರಲಿಲ್ಲ ಅನ್ನುವುದು ನಿಜ. ಆದರೂ ಅತ್ತೆ, ಅಕ್ಕ ಇಬ್ಬರೂ ಒಂದೇ ಕಡೆ ನಿಂತಿರುವಾಗ ನಾನು ಸುಮ್ಮನೆ ದಾಟಿಹೋಗಲಾರೆ. ನನ್ನ ಉತ್ತರ ನನ್ನ ಕತ್ತರಿಯಲ್ಲಿದೆ: ಕಾಲಿಗೆ ಅಂಟುವಷ್ಟು ಬಿಗಿ ನಾನು ಕತ್ತರಿಸುವುದಿಲ್ಲ, ಮೇಲೆ ಉದ್ದ ಕುರ್ತಾ ಹಾಕುತ್ತೇನೆ. ಅಷ್ಟು ನನ್ನ ಪಾಲಿನ ಕೊಡುಗೆ. ಉಳಿದ ಪಾಲು ಕಣ್ಣಿನದು. ಅದನ್ನು ನಾನು ಹೊಲಿದುಕೊಡಲಾರೆ.

ನನ್ನ ಬಟ್ಟೆಯೂ ಪಾಪವಿಲ್ಲದ್ದಲ್ಲ. ಆ ಐದು ಭಾಗ ಲೈಕ್ರಾ ಪೆಟ್ರೋಲಿನ ಕುಲದ್ದು. ಹುಳ ಸಾಯುವುದಿಲ್ಲ, ಆದರೆ ಅದೂ ಸಾಯುವುದಿಲ್ಲ. ಮಣ್ಣಿಗೆ ಹಾಕಿದರೆ ಹತ್ತಿ ಕರಗುತ್ತದೆ, ಅದು ಉಳಿಯುತ್ತದೆ. ಒಗೆದಾಗ ಕಣ್ಣಿಗೆ ಕಾಣದ ಚೂರುಗಳು ನೀರು ಸೇರುತ್ತವೆ. ಅತ್ತೆ ಹುಡುಗಿಯಾಗಿದ್ದಾಗ ಅರ್ಕಾವತಿಯಲ್ಲಿ ಬಟ್ಟೆ ಒಗೆದು, ಅದೇ ನೀರನ್ನು ಮೇಲ್ಗಡೆಯಿಂದ ಕೊಡದಲ್ಲಿ ತುಂಬಿ ದೇವರಿಗೆ ತರುತ್ತಿದ್ದರಂತೆ. ಇವತ್ತು ಬೆಂಗಳೂರಿನ ಕೊಳೆ ಹೊತ್ತ ವೃಷಭಾವತಿ ಕನಕಪುರದ ಕಡೆ ಬಂದು ಅದೇ ಅರ್ಕಾವತಿಗೆ ಸೇರುತ್ತದೆ. ಮಡಿ ಮಾಡುವ ನೀರೇ ಮೈಲಿಗೆಯಾದ ಮೇಲೆ ಪ್ಯಾಂಟೋ ಪಂಚೆಯೋ ಅಂತ ಬಾಗಿಲಲ್ಲಿ ವಾದ ಮಾಡುವುದು, ಮನೆ ಸುಡುವಾಗ ರಂಗೋಲಿ ತಿದ್ದಿದ ಹಾಗೆ. ಹೊಳೆಯನ್ನು ಡಬ್ಬದ ಪಂಚೆಯಲ್ಲಿ ಸುತ್ತಲಾಗುವುದಿಲ್ಲ.

ವಾದ ಹೀಗೇ ಉಳಿಯುತ್ತಿತ್ತೇನೋ. ಅಷ್ಟರಲ್ಲಿ ಅತ್ತೆಯ ಮೊಣಕಾಲಿನ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಸ್ನಾನ ಮಾಡಿಸುವುದು ನನ್ನ ಕೆಲಸ. ಮದುವೆಯಾಗಿ ಮೂವತ್ತು ವರ್ಷ, ಅವರ ಬರಿ ಮೈ ನೋಡಿದ್ದು ಅದೇ ಮೊದಲು. ಸೊಂಟದ ಸುತ್ತ ಕಪ್ಪಾದ, ಬೆರಳು ಕೂರುವಷ್ಟು ಆಳದ ಒಂದು ಗೆರೆ. ಲಂಗದ ಲಾಡಿಯ ಗೆರೆ. ಅರವತ್ತು ವರ್ಷ ದಿನಾ ಒಂದೇ ಜಾಗದಲ್ಲಿ ಬಿಗಿದದ್ದು. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗದ ಗುರುತು ಬೀಳುತ್ತದಲ್ಲ, ಹಾಗೆ. ನನ್ನ ಕೈ ಅಲ್ಲೇ ನಿಂತಿತು. "ಅದೇನು ನೋಡ್ತೀಯ, ಎಲ್ಲಾರ್ಗೂ ಇರ್ತದೆ," ಅಂದರು. ಸ್ವಲ್ಪ ಹೊತ್ತು ಬಿಟ್ಟು ತಾವಾಗಿಯೇ, "ನಮ್ಮವ್ವಂಗೆ ಇರ್ಲಿಲ್ಲ. ಅವಳು ಲಂಗ ಉಡ್ತಾನೇ ಇರ್ಲಿಲ್ಲ, ಕುಪ್ಪಸಾನೂ ಇರ್ಲಿಲ್ಲ. ಬರೀ ಸೀರೆ. ಲಂಗ ಬಂದಿದ್ದು ನಮ್ಮ ಕಾಲಕ್ಕೆ. ಮೊದ್ಲು ಉಟ್ಟಾಗ ಊರೋರು ಆಡ್ಕಂಡು ನಕ್ಕಿದ್ರು," ಅಂದರು.

ಅನಾದಿಯಿಂದ ಬಂದದ್ದು ಅಂತ ನಾವು ಕಾಯುವ ಕಟ್ಟಳೆಗೆ ಎಷ್ಟೋ ಸಲ ಒಂದು ತಲೆಮಾರಿನ ವಯಸ್ಸು. ಅದೂ ಹಿಗ್ಗುತ್ತಲೇ ಬಂದಿದೆ, ಹಿಗ್ಗಿದ್ದನ್ನು ಮರೆಯುತ್ತಲೂ ಬಂದಿದೆ.

ಮಲಗಿದ್ದಲ್ಲೇ ಕಾಲೆತ್ತಿ ಇಳಿಸುವ ವ್ಯಾಯಾಮ ಹೇಳಿದ್ದರು. ಸೀರೆಯಲ್ಲಿ ಅತ್ತೆ ಮಾಡಲೊಲ್ಲರು, ಸರಿದೀತು ಅಂತ ಭಯ. ನಾನು ಅವರ ಅಳತೆಗೆ, ಮೆತ್ತನೆಯ ಪಟ್ಟಿಯಿಟ್ಟು, ಅವರಿಗಿಷ್ಟವಾದ ಕಡುಹಸಿರು ಬಣ್ಣದಲ್ಲಿ ಒಂದು ಹೊಲಿದೆ. ಎರಡು ದಿನ ಮಂಚದ ಕಾಲ ಬಳಿ ಬಿದ್ದಿತ್ತು. ಮೂರನೇ ದಿನ ಕಾಣಲಿಲ್ಲ. ಅವರು ಎದ್ದು ನಡೆಯುವಾಗ ಸೀರೆಯ ನೆರಿಗೆಯ ಕೆಳಗೆ ಒಂದು ಬೆರಳಷ್ಟು ಕಡುಹಸಿರು ಇಣುಕಿತು. ಲಂಗದ ಬದಲು ಉಟ್ಟಿದ್ದರು. ನಾನು ಏನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ವಾರ ಕಳೆದು, "ಇನ್ನೊಂದು ಹೊಲಿ, ಒಗೆದು ಉಡೋಕೆ ಬೇಕಲ್ಲ," ಅಂದರು.

ಒಗೆದು ಉಡುವುದಕ್ಕೆ. ನನಗೆ ಬೇಕಾಗಿದ್ದ ಅರ್ಥ ಆ ಮಾತಿನಲ್ಲಿತ್ತು. ಉಟ್ಟದ್ದು ಬೆವರುತ್ತದೆ, ಮಾಸುತ್ತದೆ, ಹತ್ತು ಕೈ ತಾಗುತ್ತದೆ. ನೀರಿಗೆ ಹೋಗಿ ತನ್ನ ಅಳತೆಗೆ, ತನ್ನ ಬಣ್ಣಕ್ಕೆ ಮರಳುತ್ತದೆ. ಮತ್ತೆ ಕೆಲಸಕ್ಕೆ ಬರುತ್ತದೆ. ಆ ಮರಳುವಿಕೆಗೆ ನಮ್ಮ ಭಾಷೆ ಇಟ್ಟ ಹೆಸರು ಮಡಿ. ಪೆಟ್ಟಿಗೆಯಲ್ಲಿ ಮುಟ್ಟದೆ ಇಟ್ಟದ್ದಕ್ಕೆ ಆ ಹೆಸರು ಹೇಗೆ ಬಂದೀತು, ಅದು ಎಲ್ಲಿಗೂ ಹೋಗಿಯೇ ಇಲ್ಲವಲ್ಲ? ಮನುಷ್ಯರ ಮನಸ್ಸಿಗೂ ಇದೇ ಇರಬಹುದು. ಹಿಗ್ಗದೆ ಕುಗ್ಗದೆ ಇರುವುದು ನನ್ನಂಥವಳಿಗೆ ಆಗುವ ಮಾತಲ್ಲ. ಹಿಗ್ಗಿ, ಕುಗ್ಗಿ, ಸಂಜೆಗೆ ನನ್ನ ಅಳತೆಗೆ ಮರಳುವುದನ್ನು ಕಲಿತರೆ ಸಾಕು.

ಕಾರ್ತಿಕ ಸೋಮವಾರ ಮತ್ತೆ ಆ ಬೆಟ್ಟಕ್ಕೆ ಹೋದೆ, ಅದೇ ಪ್ಯಾಂಟಿನಲ್ಲಿ. ಅದೇ ಹುಡುಗ, ಅದೇ ಡಬ್ಬ. ಪಂಚೆ ಸುತ್ತಿಕೊಂಡು ಕೈಮುಗಿದು ಬಂದು ಅವನನ್ನು ಕೇಳಿದೆ, "ಇವನ್ನ ಯಾರಪ್ಪ ಒಗೀತಾರೆ?" ಅವನು ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದ. ಗೊತ್ತಿರಲಿಲ್ಲ. ಅರ್ಚಕರನ್ನು ಕೇಳಿ ಬಂದ, "ಯಾರೂ ಇಲ್ವಂತೆ ಅಮ್ಮ. ಒಯ್ದು ಒಗ್ಕೊಂಡು ಬಂದ್ರೆ ಪುಣ್ಯ ಅಂದ್ರು." ಹದಿನಾಲ್ಕು ಪಂಚೆ ಗಂಟು ಕಟ್ಟಿ ಬಸ್ಸಿನಲ್ಲಿ ತಂದೆ. ರಾತ್ರಿ ಸೋಪಿನ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಕಲ್ಲಿಗೆ ಹಾಕಿ ಒಗೆದು, ಮಾಳಿಗೆಯ ಮೇಲೆ ಹರವಿದೆ. ಎರಡು ಪಂಚೆಯ ಅಂಚು ಬಿಟ್ಟು ದಾರ ಜೋಲಾಡುತ್ತಿತ್ತು. ಸೂಜಿ ಪೋಣಿಸಿ ಒಂದು ಗಳಿಗೆ ತಡೆದೆ. ಆಮೇಲೆ ಹೊಲಿದೆ.

ಮಧ್ಯಾಹ್ನ ಕೆಳಗಿನಿಂದ ಅತ್ತೆ ಕೂಗಿದರು, "ಮಡಿ ಒಣಗ್ತಾ?"

ಹಗ್ಗದ ಮೇಲೆ ದೇವಸ್ಥಾನದ ಪಂಚೆಗಳಿದ್ದವು, ಅವರ ಸೀರೆಯಿತ್ತು, ನನ್ನ ಕಪ್ಪು ಪ್ಯಾಂಟು, ಅವರ ಹಸಿರು ಪ್ಯಾಂಟು. ಯಾವುದನ್ನು ಕೇಳಿದರೋ ಗೊತ್ತಾಗಲಿಲ್ಲ. ಒಂದೊಂದನ್ನೇ ಮುಟ್ಟಿ ನೋಡಿದೆ.

"ಹ್ಞೂಂ, ಒಣಗೈತೆ," ಅಂದೆ.